ಬೈಪಾಸಿಗೆ ನನ್ನದೂ ಒಂದು ಬೆಂಬಲ

ಬೈಪಾಸ್ ಸರ್ವೆಗೆ ಮತ್ತೆ ಬಂದಿದ್ದರು. ಇದು ಮೂರನೇ ಸಲ. ಮೊದಲ ಸರ್ವೆಯಲ್ಲಿ ನೆಟ್ಟ ಕಲ್ಲಿಗೆ ನಮ್ಮ ಕಾಕಾ ಎಮ್ಮೆ ಕಟ್ಟುತ್ತಾರೆ. ಎರಡನೇ ಸರ್ವೆಯ ಕಲ್ಲು ಯಾರದೋ ಬಚ್ಚಲು ಸೇರಿತು. ಈ ಸಲ ಕಲ್ಲೇ ಇಲ್ಲ, ಡ್ರೋನ್ ಹಾರಿಸಿ ಹೋದರು. ಇನ್ನೊಂದು ಎಮ್ಮೆ ತರುವ ಯೋಚನೆಯಲ್ಲಿದ್ದ ಕಾಕಾಗೆ ಭಾರಿ ಬೇಜಾರು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯವರಿಗೆ ನಮ್ಮೂರ ಕಥೆ ಹೇಳಬೇಕಾಗಿಲ್ಲ. ಊರ ನಡುವೆ ಒಂದೇ ರಸ್ತೆ. ಅದರ ಮೇಲೆ ಹಗಲೂ ರಾತ್ರಿ ಲಾರಿ. ಸಿಮೆಂಟ್ ಹೊತ್ತು ಹೋಗುತ್ತವೆ, ರಾಯಚೂರಿನ ವಿದ್ಯುತ್ ಸ್ಥಾವರದಿಂದ ಹಾರುಬೂದಿ ಹೊತ್ತು ಬರುತ್ತವೆ. ಅವ್ವ ಕಟ್ಟೆ ಮೇಲೆ ಸಂಡಿಗೆ ಒಣಹಾಕಿ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಬೂದಿ ಬಣ್ಣ. ಒಮ್ಮೆ ಹಾಗೇ ಕರಿದಳು. ಬಾಯಲ್ಲಿ ಕರಕರ ಅಂತು. "ಗಟ್ಟಿ ಅದಾವ ತಿನ್ನು, ಸಿಮೆಂಟ್ ಬಿದ್ದದ" ಅಂದಳು.

ಹಾಗಾಗಿ ಬೈಪಾಸಿಗೆ ನನ್ನ ಪೂರ್ತಿ ಬೆಂಬಲ ಇದೆ ಅಂತ ಬರೆದುಕೊಟ್ಟೆ. ಇದೂ ಮೂರನೇ ಸಲವೇ. ಬೆಂಬಲಕ್ಕೆ ನಮ್ಮೂರಲ್ಲಿ ಬರ ಇಲ್ಲ. ಆಳುವವರು ಬೆಂಬಲಿಸುತ್ತಾರೆ, ವಿರೋಧ ಪಕ್ಷದವರು ಬೆಂಬಲಿಸುತ್ತಾರೆ, ಠೇವಣಿ ಕಳೆದುಕೊಂಡವರೂ ಬೆಂಬಲಿಸುತ್ತಾರೆ. ಬಸ್ ಸ್ಟ್ಯಾಂಡ್ ಎದುರಿನ ಚಹಾ ಅಂಗಡಿಯವನೊಬ್ಬ ಮಾತ್ರ ಧಂದೆ ಹೋಗ್ತದ ಅಂತ ಕೂಗಾಡುತ್ತಿದ್ದ. ಆಮೇಲೆ ಅವನ ಅಳಿಯ ಬೈಪಾಸ್ ಬರುವ ಕಡೆ ಎರಡು ಎನ್‌ಎ (ಕೃಷಿಯೇತರ) ಪ್ಲಾಟ್ ಹಿಡಿದ. ಈಗ ಮಾವನೇ ಹೋರಾಟ ಸಮಿತಿಯ ಅಧ್ಯಕ್ಷ.

ಬೈಪಾಸ್ ಅಂದರೆ ನೇರ ರಸ್ತೆ ಅಂದುಕೊಂಡಿದ್ದೆ. ನಕ್ಷೆ ನೋಡಿದೆ. ಕಾಗಿಣಾ ಹೊಳೆಗೂ ಇಷ್ಟು ತಿರುವು ಇರಲಿಕ್ಕಿಲ್ಲ. ಮೊದಲ ನಕ್ಷೆಯಲ್ಲಿ ಒಂದು ಹೊಲ ಕಂಡ ಕೂಡಲೇ ರಸ್ತೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿತ್ತು. ಪರಿಹಾರದ ಮೊತ್ತದ ಸುದ್ದಿ ಹಬ್ಬಿದ ಮೇಲೆ ಬಂದ ನಕ್ಷೆಯಲ್ಲಿ ಅದೇ ರಸ್ತೆ ಅದೇ ಹೊಲವನ್ನು ಹುಡುಕಿಕೊಂಡು ಹೋಗುತ್ತದೆ. ಯಾರ ಹೊಲ ಅಂತ ನಿಮಗೂ ಗೊತ್ತು, ಬಿಡಿ.

ಒಂದು ಬೈಪಾಸ್ ವಿಷಯದಲ್ಲಿ ಮಾತ್ರ ನಾವು ಮುಂದೆ ಬಂದಿದ್ದೇವೆ, ಎದೆಯದ್ದು. ಮೊದಲು ಅದಕ್ಕೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಿತ್ತು. ಈಗ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. 371 ಹಾಸಿಗೆ. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಅಂತ ಸಿಕ್ಕ ಕಲಂ 371(ಜೆ), ಹಾಸಿಗೆಯೂ ಅಷ್ಟೇ. ಪುಣ್ಯಕ್ಕೆ ನಮಗೆ 10ನೇ ಕಲಂ ಸಿಗಲಿಲ್ಲ. ಎದೆಯ ಬೈಪಾಸಿಗೂ ಮೊದಲು ಸರ್ವೆ ಇರುತ್ತದೆ. ಆದರೆ ಅದನ್ನು ಮುಗಿಸಿದವರು ಆಪರೇಷನ್ ಕೂಡ ಮಾಡುತ್ತಾರೆ. ತೊಂದರೆ ಒಂದೇ. ಎದೆ ಹಿಡಿದುಕೊಂಡವನು ಕಲಬುರಗಿ ಮುಟ್ಟಬೇಕಲ್ಲ, ನಡುವೆ ನಮ್ಮೂರಿದೆ.

ಹಾಗಂತ ಕಲಬುರಗಿಯವರೇನು ಸುಖವಾಗಿದ್ದಾರಾ? ಲಾರಿ ಊರೊಳಗೆ ಬರಬಾರದು ಅಂತ ರಿಂಗ್ ರೋಡ್ ಮಾಡಿದರು. ಲಾರಿ ಬರಲಿಲ್ಲ, ಊರೇ ಎದ್ದು ಲಾರಿ ಹತ್ತಿರ ಹೋಯಿತು. ಫಂಕ್ಷನ್ ಹಾಲು, ಶೋರೂಮು, ಮದುವೆ ಬ್ಯಾಂಡು ಎಲ್ಲಾ ಈಗ ಅಲ್ಲೇ. ನಮ್ಮ ಚಹಾ ಅಧ್ಯಕ್ಷನ ಪ್ಲಾಟು ನೆನಪಾದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇರಲಿ. ಈಗ ಇರುವ ರಸ್ತೆಯ ಮಾತಿಗೆ ಬರೋಣ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಓವರ್‌ಲೋಡ್. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು ಅನ್ನುವುದು ಎಂಜಿನಿಯರುಗಳದ್ದೇ ಲೆಕ್ಕ. ಗುಂಡಿ ಯಾಕೆ ಮುಚ್ಚೋದಿಲ್ಲ ಅಂತ ಕೇಳಿದರೆ ಉತ್ತರ ರೆಡಿ ಇರುತ್ತದೆ: "ಬೈಪಾಸ್ ಬರ್ಲತದಲ್ರಿ ಸರ, ಸುಮ್ನೆ ಯಾಕ ರೊಕ್ಕ ಹಾಳು?"

ಮೂರು ಸರ್ವೆ ಆಯ್ತು. ಅಷ್ಟೂ ವರ್ಷ ಇದೇ ಉತ್ತರ. ಬೆಳಿಗ್ಗೆ ಹೈಸ್ಕೂಲ್ ಹುಡುಗಿಯರು ಮೂಗಿಗೆ ಓಡ್ನಿ ಕಟ್ಟಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು, ನಿಂತ ಲಾರಿಗಳ ಸಂದಿಯಲ್ಲಿ ದಾಟುತ್ತಾರೆ. ಅವರ ತಲೆಗಿಂತ ಮೇಲೆ ಲಾರಿಯ ಮುಂದಿನ ಗಾಜು ಇರುತ್ತದೆ. ಕೂತ ಡ್ರೈವರನಿಗೆ ಅವರು ಕಾಣೋದೇ ಇಲ್ಲ. ಒಂದು ಹಂಪ್ ಹಾಕ್ರಿ, ಬೆಳಿಗ್ಗೆ ಒಂದು ತಾಸು ಒಬ್ಬ ಪೊಲೀಸನ್ನ ನಿಲ್ಲಿಸ್ರಿ ಅಂತ ಕೇಳಿ ಕೇಳಿ ಸಾಕಾಗಿದೆ. ಇದಕ್ಕೆ ಸರ್ವೆ ಬೇಕಾ? ಡ್ರೋನ್ ಬೇಕಾ? ಬೈಪಾಸ್ ಬರುವ ತನಕ ಈ ಮಕ್ಕಳು ಬದುಕಿರಬೇಕು, ಅಷ್ಟೇ ಕೇಳುತ್ತಿರುವುದು.

ನಿನ್ನೆ ಫೋನ್ ಬಂತು. ನನ್ನ ಬೆಂಬಲ ಪತ್ರ ಮೂರು ಪ್ರತಿ ಬೇಕಂತೆ, ಜೊತೆಗೆ ಆಧಾರ್ ಝೆರಾಕ್ಸ್. ಝೆರಾಕ್ಸ್ ಅಂಗಡಿ ರಸ್ತೆಯ ಆಚೆ ಕಡೆ ಇದೆ. ಹತ್ತೂವರೆಯಿಂದ ಈಚೆ ನಿಂತಿದ್ದೇನೆ. ಇನ್ನೂ ಎಂಟು ಲಾರಿ ಕಾಣುತ್ತಿವೆ.