ಎದೆಯೊಳಗಿನ ಟಿಕ್ ಟಿಕ್

ಹೋದ ವಾರ ಸಕಲೇಶಪುರದ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ಮಳೆ, ಕಾಫಿ ರೇಟು, ಎಲ್ಲ ಮಾತಾಯಿತು. ಕೊನೆಗೆ ದನಿ ತಗ್ಗಿಸಿ, "ಮಗಾ, ರಾತ್ರಿ ಮಲಗಿದ್ರೆ ಎದೇಲಿ ಟಿಕ್ ಟಿಕ್ ಅಂತದೆ ಕಣೋ. ಯಾರಿಗೂ ಹೇಳಿಲ್ಲ" ಅಂದರು.

ಆಪರೇಷನ್ ಆಗಿ ಮೂರು ತಿಂಗಳು. ಹೃದಯದಲ್ಲಿ ಲೋಹದ ವಾಲ್ವ್ (ಕವಾಟ) ಕೂರಿಸಿದ್ದು ಅವರೊಬ್ಬರನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತು. "ಹೇಳ್ಬೇಡ, ಅಮ್ಮ ಹೆದರ್ಕೋತಾಳೆ" ಅಂತ ಚಿಕ್ಕಮ್ಮನ ಮಗ, ಅಣ್ಣ, ನನ್ನ ಬಾಯಿಗೂ ಬೀಗ ಹಾಕಿದ್ದ.

ನಾನಿರುವುದು ತಿರುವನಂತಪುರದಲ್ಲಿ. ಪಕ್ಕದ ಮನೆ ಚೇಚಿಗೂ (ಮಲಯಾಳದಲ್ಲಿ ಅಕ್ಕ) ಇದೇ ಆಪರೇಷನ್ ಆಗಿದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಊತ ಬಂದು ಇಬ್ಬರದೂ ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಹಾಳಾಗಿತ್ತು. ಚೇಚಿಗೆ ಹಾಕಿದ್ದು ಇಲ್ಲಿನ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಚಿತ್ರಾ ವಾಲ್ವ್. 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದರಂತೆ. ಅದನ್ನೂ ಅವರೇ ಹೆಮ್ಮೆಯಿಂದ ಹೇಳುತ್ತಾರೆ. ಫ್ರಿಜ್ ಪಕ್ಕ ದಾರ ಕಟ್ಟಿ ಒಂದು ಸಣ್ಣ ಪುಸ್ತಕ ತೂಗುಹಾಕಿದ್ದಾರೆ. ತಿಂಗಳು ತಿಂಗಳಿನ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅನ್ನುವ ಅಳತೆ) ಅವರದೇ ಕೈಬರಹದಲ್ಲಿ: 2.8, 3.1, 2.2. ಕೊನೆಯದು ಕಡಿಮೆ, ಅದಕ್ಕೆ ಕೆಂಪು ಗೆರೆ. "ಆ ವಾರ ನುಗ್ಗೆಸೊಪ್ಪು ಜಾಸ್ತಿ ತಿಂದಿದ್ದೆ" ಅಂದರು.

ಚಿಕ್ಕಮ್ಮನ ಮನೆಯಲ್ಲಿ ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಕೆಲಸ ಕೆಡಿಸುತ್ತದೆ. ಮಾತ್ರೆ ಸಾಲದಿದ್ದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಜಾಸ್ತಿಯಾದರೆ ರಕ್ತಸ್ರಾವ. ಜೀವನಪೂರ್ತಿ ನುಂಗಬೇಕಾದ ಆ ಮಾತ್ರೆಯನ್ನು ಚಿಕ್ಕಮ್ಮ ಶಕ್ತಿಗೆ ಕೊಟ್ಟದ್ದು ಅಂದುಕೊಂಡಿದ್ದಾರೆ. ನಾಳೆ ಹಲ್ಲು ಕೀಳಿಸಲು ಹೋದರೆ ಡಾಕ್ಟರಿಗೆ ಏನು ಹೇಳಬೇಕು ಅವರು? ತೋಟದ ಆಳುಗಳ ಬಟವಾಡೆಯನ್ನೆಲ್ಲ ಬಾಯಲ್ಲೇ ಲೆಕ್ಕ ಹಾಕುವ ಹೆಂಗಸು. ತನ್ನ ಎದೆಯೊಳಗೆ ಏನಿದೆ ಅಂತ ಅವರಿಗೆ ತಿಳಿಯಬಾರದಾ? ನಮ್ಮ ಕಡೆಯ ಈ ಮುಚ್ಚುಮರೆ ನನಗೆ ಸಹಿಸಲಾಗುವುದಿಲ್ಲ.

ಆದರೂ ಚಿಕ್ಕಮ್ಮನಿಗೆ ರಕ್ತ ಬೇಕು ಅಂದಾಗ ಊರಿಂದ ಜೀಪು ತುಂಬ ಹುಡುಗರು ಮೈಸೂರಿಗೆ ಬಂದಿದ್ದರು. ಅಣ್ಣ ಹನ್ನೊಂದು ರಾತ್ರಿ ಆಸ್ಪತ್ರೆಯಲ್ಲಿ ಚಾಪೆ ಹಾಸಿ ಮಲಗಿದ. ಚೇಚಿಯ ಮಕ್ಕಳು ದುಬೈಯಲ್ಲಿ. ಡಿಸ್ಚಾರ್ಜ್ ಆದ ದಿನ ಅವರು ಒಬ್ಬರೇ ಆಟೋದಲ್ಲಿ ಮನೆಗೆ ಬಂದರು. ಎದೆಗೆ ದಿಂಬು ಅವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಚಿಕ್ಕಮ್ಮನಿಗೆ ಅವತ್ತೇ ಎಲ್ಲ ಹೇಳಿಬಿಟ್ಟೆ. "ಅದು ವಾಲ್ವ್ ಮುಚ್ಚೋ ಸದ್ದು ಚಿಕ್ಕಮ್ಮ. ಭಯ ಬೀಳೋದು ಬೇಡ." ಸ್ವಲ್ಪ ಹೊತ್ತು ಮಾತಿಲ್ಲ.

"ಆ ಮಾತ್ರೆ ಹೆಸರೇನಂದೆ? ಇರು, ಪೆನ್ ತರ್ತೀನಿ."