ಕಛೇರಿಗಿಂತ ಮೊದಲು ಪಾಠಕ್ಕೆ ದುಡ್ಡು ಕೊಡಲಿ

ಅಮೆರಿಕದ ಸರ್ಕಾರ ತನ್ನ ಹಾಡುಗಾರರನ್ನು ಹೊರದೇಶಗಳಿಗೆ ಕಳುಹಿಸಿ, ಗಾಸ್ಪೆಲ್ (ಅಲ್ಲಿನ ಕರಿಯ ಜನರ ಚರ್ಚಿನ ಹಾಡು), ಬ್ಲೂಸ್, ಜಾಸ್, ಹಿಪ್‌ಹಾಪ್‌ಗಳನ್ನು ಅಲ್ಲಿಯವರಿಗೆ ಕಲಿಸುವುದಕ್ಕೆ ಹಣ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಹಳೆಯದು. 2025ರಲ್ಲಿ ಅದು ಮತ್ತೆ ಎದ್ದಿತು. ಆ ವರ್ಷದ ಫೆಬ್ರುವರಿಯಲ್ಲಿ ವಿದೇಶಾಂಗ ಇಲಾಖೆಯ ವಿನಿಮಯ ಕಾರ್ಯಕ್ರಮಗಳ ಹಣವನ್ನು ತಡೆಹಿಡಿದರು. ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಶೈಕ್ಷಣಿಕ ಮತ್ತು ಸಾಂಸ್ಕೃತಿಕ ವಿನಿಮಯದ ಬಾಬತ್ತನ್ನು ಸುಮಾರು 74 ಕೋಟಿ ಡಾಲರ್‌ನಿಂದ 5 ಕೋಟಿಗೆ ಇಳಿಸಬೇಕೆಂದು ಸೂಚಿಸಿದರು. ಮೈಸೂರಿನಲ್ಲಿ ಕುಳಿತು 30 ವರ್ಷಗಳಿಂದ ಮಕ್ಕಳಿಗೆ ಕರ್ನಾಟಕ ಸಂಗೀತದ ಸರಳೆ ಜಂಟಿ ಹೇಳಿಕೊಡುತ್ತಿರುವ ನನಗೆ ಅಮೆರಿಕದ ಬಜೆಟ್ಟಿನ ಉಸಾಬರಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಹಣದ ಒಂದು ಸಣ್ಣ ಹನಿ ಒಮ್ಮೆ ನಮ್ಮೂರಿಗೂ ಬಂದಿತ್ತು, ಮತ್ತು ಅದು ಬಂದುಹೋದ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಣ ಕೊಡಬೇಕು ಎನ್ನುವವರ ಪಂಗಡಕ್ಕೇ ಸೇರಿದವಳು ನಾನು. ನನ್ನ ತಕರಾರು ಏನಿದ್ದರೂ ಅದನ್ನು ಖರ್ಚು ಮಾಡುವ ಕ್ರಮದ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಾಲ್ವರು ಗಾಸ್ಪೆಲ್ ಹಾಡುಗಾರರೂ ಒಬ್ಬ ಪಿಯಾನೋ ವಾದಕರೂ ಮೂರು ದಿನಗಳ ಕಾರ್ಯಾಗಾರಕ್ಕೆಂದು ಬಂದರು. ನನ್ನ ಹತ್ತಿರ ಕಲಿಯುತ್ತಿದ್ದ 11 ಮಕ್ಕಳನ್ನು ಕರೆದುಕೊಂಡು ಹೋದೆ. ಬಂದವರಲ್ಲಿ ಹಿರಿಯರಾಗಿದ್ದ ಹೆಂಗಸಿನ ಕಂಠದಂಥ ಕಂಠವನ್ನು ನಾನು ಅಷ್ಟು ಹತ್ತಿರದಿಂದ ಹಿಂದೆಂದೂ ಕೇಳಿರಲಿಲ್ಲ. ಮೊದಲ ದಿನವೆಲ್ಲ ಚಪ್ಪಾಳೆಯಲ್ಲೇ ಕಳೆಯಿತು. ಗಾಸ್ಪೆಲ್‌ನಲ್ಲಿ ಚಪ್ಪಾಳೆ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳಬೇಕು. ನಮ್ಮ ಮಕ್ಕಳ ಕೈ ತಾಳದ ಮೊದಲ ಎಣಿಕೆಯಾದ ಸಮದ ಮೇಲೇ ಬೀಳುತ್ತಿತ್ತು, ಏಕೆಂದರೆ ಅದು ಐದನೆಯ ವಯಸ್ಸಿನಿಂದ ತೊಡೆಯ ಮೇಲೆ ಆದಿತಾಳ ಹಾಕಿ ಪಳಗಿದ ಕೈ. ಎರಡನೆಯ ದಿನ ಇನ್ನೂ ದೊಡ್ಡ ತೊಡಕು ಎದುರಾಯಿತು. ಮೂರು ಗುಂಪು ಮೂರು ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲಬೇಕು. ಪಕ್ಕದವರ ಸ್ವರಕ್ಕೆ ತನ್ನ ಸ್ವರವನ್ನು ಸೇರಿಸುವುದೇ ಶ್ರುತಿಶುದ್ಧಿ ಎಂದು ಕಲಿತ ಮಕ್ಕಳು, ತಮಗೆ ಕೊಟ್ಟ ಸ್ವರವನ್ನು ಬಿಟ್ಟು ಪಕ್ಕದ ಗುಂಪಿನ ಸ್ವರಕ್ಕೆ ಜಾರಿಬಿಡುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹುಡುಗಿಯರಿಗೆ ಅದು ಹಿಡಿತಕ್ಕೆ ಸಿಕ್ಕಿತು. ಆ ಗಳಿಗೆಯಲ್ಲಿ ಅವರ ಮುಖ ನೋಡಬೇಕಿತ್ತು. ಸಂಜೆ ಕಛೇರಿ ಆಯಿತು, ಹೂಗುಚ್ಛ, ಫೋಟೋ, ಭಾಷಣ ಎಲ್ಲವೂ ಆದವು. ಮರುದಿನ ಬೆಳಿಗ್ಗೆ ತಂಡ ಬೇರೆ ಊರಿಗೆ ಹೊರಟಿತು. ಆ ಇಬ್ಬರು ಹುಡುಗಿಯರು ಎರಡು ತಿಂಗಳು ನನ್ನನ್ನು ಮುಂದಿನ ಪಾಠ ಯಾವಾಗ ಎಂದು ಕೇಳುತ್ತಿದ್ದರು, ಆಮೇಲೆ ಕೇಳುವುದನ್ನು ಬಿಟ್ಟರು. ನನಗೆ ಬಾರದ ವಿದ್ಯೆಯನ್ನು ನಾನು ಹೇಗೆ ಹೇಳಿಕೊಡಲಿ?

ಇದಕ್ಕೆ ತೀರಾ ಬೇರೆಯಾದ ಇನ್ನೊಂದು ಅನುಭವ ನನಗಾದದ್ದು ಅಮೆರಿಕದಲ್ಲೇ. ಅಟ್ಲಾಂಟಾದಲ್ಲಿರುವ ನನ್ನ ತಂಗಿಯ ಮಗಳು ಒಂದು ಭಾನುವಾರ ನನ್ನನ್ನು ಪಶ್ಚಿಮ ಜಾರ್ಜಿಯಾದ ಒಂದು ಹಳ್ಳಿಯ ಚರ್ಚಿಗೆ ಕರೆದುಕೊಂಡು ಹೋದಳು. ಅಲ್ಲಿ ದಿನವಿಡೀ 'ಸೇಕ್ರೆಡ್ ಹಾರ್ಪ್' ಹಾಡುಗಾರಿಕೆ ಇತ್ತು. 1844ರಲ್ಲಿ ಜಾರ್ಜಿಯಾದ ಇಬ್ಬರು ಸೇರಿಸಿ ಅಚ್ಚುಹಾಕಿಸಿದ ಒಂದು ಹಾಡಿನ ಪುಸ್ತಕ, ಪರಿಷ್ಕರಣೆಗಳನ್ನು ಕಾಣುತ್ತಾ ಇಂದಿಗೂ ಬಳಕೆಯಲ್ಲಿದೆ. ಬೆಂಚುಗಳನ್ನು ಚೌಕವಾಗಿ ಹಾಕಿ ನಾಲ್ಕು ಧ್ವನಿಯವರು ನಾಲ್ಕು ಕಡೆ ಒಬ್ಬರಿಗೊಬ್ಬರು ಎದುರಾಗಿ ಕೂರುತ್ತಾರೆ. ನಡುವಿನ ಖಾಲಿ ಜಾಗಕ್ಕೆ ಒಬ್ಬೊಬ್ಬರಾಗಿ ಬಂದು, ಕೈಯನ್ನು ಮೇಲೆ ಕೆಳಗೆ ಆಡಿಸುತ್ತಾ ಒಂದೆರಡು ಹಾಡು ನಡೆಸಿ ಹಿಂದಿರುಗುತ್ತಾರೆ. ಎಂಬತ್ತರ ಅಜ್ಜನೂ ಬಂದ, ಎಂಟರ ಹುಡುಗಿಯೂ ಬಂದಳು. ಪಿಯಾನೋ ಇಲ್ಲ, ತಂಬೂರಿಯಂಥ ಶ್ರುತಿಯ ಆಸರೆಯೂ ಇಲ್ಲ. ಅನುಭವಸ್ಥರೊಬ್ಬರು ಕಿವಿಯ ಅಂದಾಜಿನಿಂದ ಶ್ರುತಿ ಹಿಡಿದುಕೊಡುತ್ತಾರೆ. ಕೇಳುಗರಿಗೆಂದು ಹಾಡುವ ಸಂಗೀತ ಅದಲ್ಲವಾದ್ದರಿಂದ ವೇದಿಕೆಯ ಅಗತ್ಯವೇ ಅಲ್ಲಿ ಬಂದಿರಲಿಲ್ಲ.

ನಾನು ಕುರ್ಚಿಯ ತುದಿಗೆ ಬಂದು ಕುಳಿತದ್ದು ಬೇರೊಂದು ಕಾರಣಕ್ಕೆ. ಅವರು ಯಾವ ಹಾಡನ್ನೂ ನೇರವಾಗಿ ಪದಗಳಿಂದ ಶುರುಮಾಡುವುದಿಲ್ಲ. ಮೊದಲು ಸ್ವರಗಳ ಹೆಸರುಗಳನ್ನು ಹಾಡಿ, ಆಮೇಲೆ ಪದಗಳಿಗೆ ಬರುತ್ತಾರೆ. ನಾವು ಪಿಳ್ಳಾರಿ ಗೀತೆಗಳಲ್ಲಿ ಮೊದಲು ಸ್ವರ, ಆಮೇಲೆ ಸಾಹಿತ್ಯ ಹಾಡುವ ಹಾಗೆ. ಅವರ ಸ್ವರಗಳಿಗೆ ನಾಲ್ಕೇ ಹೆಸರು: ಫ, ಸೋಲ್, ಲ, ಮಿ. ಪುಸ್ತಕದಲ್ಲಿ ಫ ತ್ರಿಕೋಣ, ಸೋಲ್ ದುಂಡಗೆ, ಲ ಚೌಕ, ಮಿ ವಜ್ರದಾಕಾರ. ಏಳು ಸ್ವರಗಳನ್ನು ಏರಿಸುವಾಗ 'ಫ ಸೋಲ್ ಲ ಫ ಸೋಲ್ ಲ ಮಿ' ಎನ್ನುತ್ತಾರೆ. ಇದೇನು ಮೂರು ಹೆಸರುಗಳನ್ನೇ ಎರಡು ಸಲ ಹೇಳುತ್ತಾರಲ್ಲ ಎಂದು ಮೊದಲು ನಗು ಬಂತು. ಆಮೇಲೆ ಮನಸ್ಸಿನಲ್ಲೇ ಶಂಕರಾಭರಣ ಹಾಡಿಕೊಂಡು ನೋಡಿದೆ. ಸ-ರಿ-ಗ ನಡುವಿನ ಅಂತರಗಳೂ ಮ-ಪ-ದ ನಡುವಿನ ಅಂತರಗಳೂ ಒಂದೇ! ಓದುಬರಹ ಹೆಚ್ಚಿಲ್ಲದ ರೈತಾಪಿ ಜನರೂ ಕೆಲವೇ ದಿನಗಳಲ್ಲಿ ಸ್ವರ ಓದಲು ಕಲಿಯಲಿ ಎಂದು ಯಾರೋ ಜಾಣರು ಮಾಡಿದ ಏರ್ಪಾಟು ಅದು. ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಎಲ್ಲರೂ ಮನೆಯಿಂದ ತಂದ ಅಡುಗೆಯನ್ನು ಹಂಚಿಕೊಂಡು ಊಟ ಮಾಡಿದೆವು. ಸಸ್ಯಾಹಾರಿಯಾದ ನನಗೆ ಸಿಕ್ಕಿದ್ದು ಜೋಳದ ರೊಟ್ಟಿಯಂಥ ಒಂದು ಬ್ರೆಡ್ಡು ಮತ್ತು ನಾಲ್ಕು ಬಗೆಯ ಸಿಹಿ, ದೂರುವಂಥದ್ದೇನೂ ಇರಲಿಲ್ಲ.

ಈ ಪದ್ಧತಿಯ ಬೇರು ಇರುವುದು ಹದಿನೆಂಟನೆಯ ಶತಮಾನದ ನ್ಯೂ ಇಂಗ್ಲೆಂಡಿನ 'ಸಿಂಗಿಂಗ್ ಸ್ಕೂಲ್'ಗಳಲ್ಲಿ. ಊರೂರು ಅಲೆಯುವ ಹಾಡಿನ ಮೇಷ್ಟರು ಒಂದು ಊರಿನಲ್ಲಿ ಕೆಲವು ವಾರ ನಿಂತು, ಸಂಜೆ ಹೊತ್ತು ಪಾಠ ಹೇಳಿ, ಪುಸ್ತಕ ಮಾರಿ, ತಾವು ಹೋದ ಮೇಲೂ ಊರಿನವರು ತಾವಾಗಿಯೇ ಹಾಡಿಕೊಳ್ಳುವ ಹಾಗೆ ಮಾಡಿ ಮುಂದಕ್ಕೆ ಹೋಗುತ್ತಿದ್ದರು. ಇಂದು ಸೇಕ್ರೆಡ್ ಹಾರ್ಪ್ ಹೊರದೇಶಕ್ಕೆ ಹೋದದ್ದೂ ಹೀಗೆಯೇ. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಅಲ್ಲಿನವರ ಮೊದಲ ಸಮಾವೇಶ ನಡೆಯಿತು, 2012ರಲ್ಲಿ ಪೋಲೆಂಡಿನಲ್ಲಿ ಯುರೋಪಿನವರಿಗಾಗಿ ಕಲಿಕೆಯ ಶಿಬಿರ ನಡೆಯಿತು. ಅಮೆರಿಕದ ದಕ್ಷಿಣದ ಹಿರಿಯ ಹಾಡುಗಾರರು ಅಲ್ಲಿಗೆ ಹೋದದ್ದು ಪಾಠ ಹೇಳುವುದಕ್ಕೆ. ಈಗ ಅಲ್ಲಿನವರು ಯಾರ ಹಂಗೂ ಇಲ್ಲದೆ ತಮ್ಮ ಪಾಡಿಗೆ ತಾವು ಸೇರಿ ಹಾಡುತ್ತಾರೆ.

ಇದಕ್ಕಿಂತ ಹಳೆಯದಾದ, ಇದಕ್ಕಿಂತ ದೊಡ್ಡದಾದ ಉದಾಹರಣೆ ದಕ್ಷಿಣ ಆಫ್ರಿಕಾದ್ದು. 1871ರಲ್ಲಿ ಟೆನೆಸ್ಸಿಯ ಫಿಸ್ಕ್ ಶಾಲೆಯ ವಿದ್ಯಾರ್ಥಿಗಳು, ಹೆಚ್ಚಿನವರು ಗುಲಾಮಗಿರಿಯಲ್ಲಿ ಹುಟ್ಟಿದವರು, ಮುಚ್ಚುವ ಸ್ಥಿತಿಯಲ್ಲಿದ್ದ ತಮ್ಮ ಶಾಲೆಗೆ ಹಣ ಕೂಡಿಸಲು ಹಾಡುತ್ತಾ ಹೊರಟರು. 1873ರಲ್ಲಿ ವಿಕ್ಟೋರಿಯಾ ರಾಣಿಯ ಎದುರು ಹಾಡಿದರು. ಗಳಿಸಿದ ಹಣದಲ್ಲಿ ಜುಬಿಲಿ ಹಾಲ್ ಎಂಬ ಕಟ್ಟಡ ಎದ್ದಿತು. ಮುಂದೆ ಫ್ರೆಡರಿಕ್ ಲೌಡಿನ್ ಎಂಬುವರ ನೇತೃತ್ವದಲ್ಲಿ ಲೋಕಸಂಚಾರಕ್ಕೆ ಹೊರಟ ತಂಡ ಭಾರತಕ್ಕೂ ಬಂದು ತಾಜ್ ಮಹಲಿನೊಳಗೆ ಹಾಡಿತು. ಆ ತಂಡದಲ್ಲಿದ್ದ ಆರ್ಫಿಯಸ್ ಮೆಕಾಡೂ ತನ್ನದೇ ಮೇಳ ಕಟ್ಟಿಕೊಂಡು 1890ರಲ್ಲಿ ಕೇಪ್‌ಟೌನಿನಲ್ಲಿ ಇಳಿದರು. ಅವರು ಬಂದುಹೋಗುವ ಅತಿಥಿಯಾಗಿ ಉಳಿಯಲಿಲ್ಲ. ಎರಡು ಸಲ ಬಂದು, ಒಟ್ಟು ನಾಲ್ಕೈದು ವರ್ಷ ಅಲ್ಲಿನ ಊರೂರುಗಳನ್ನು ಸುತ್ತಿದರು. ಆ ಹಾಡನ್ನು ಕೇಳಿದ ಕರಿಯ ಜನ ತಮ್ಮದೇ ಮೇಳಗಳನ್ನು ಕಟ್ಟಿದರು. ಹಾಗೆ ಕಟ್ಟಿದ ಒಂದು ಮೇಳ 1891ರಲ್ಲಿ ಇಂಗ್ಲೆಂಡಿಗೆ ಹೋಯಿತು. ಅದರಲ್ಲಿ ಹಾಡುತ್ತಿದ್ದ ಷಾರ್ಲಟ್ ಮಾನ್ಯೆ ಎಂಬ ಹುಡುಗಿ ಮುಂದೆ ಅಮೆರಿಕ ಸೇರಿ, ಓಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಓದಿ, ವಿಜ್ಞಾನ ಪದವಿ ಪಡೆದ ದಕ್ಷಿಣ ಆಫ್ರಿಕಾದ ಮೊದಲ ಕರಿಯ ಮಹಿಳೆಯಾದರು. ಷಾರ್ಲಟ್ ಮಕ್ಸೇಕೆ ಎಂಬ ಹೆಸರಿನಿಂದ ಆ ದೇಶ ಇಂದು ಅವರನ್ನು ನೆನೆಯುತ್ತದೆ. ಈ ತಂಡಗಳು ಹಾಡುತ್ತಿದ್ದ, ಜುಬಿಲಿ ಎಂದು ಕರೆಯುವ ಹಾಡಿನ ಗುರುತು ಇಸಿಕತಮಿಯಾ ಎಂಬ ಜುಲು ಜನರ ಗುಂಪುಗಾಯನದಲ್ಲೂ ಸೇರಿಕೊಂಡಿದೆ. ಗಣಿ ಮತ್ತು ಕಾರ್ಖಾನೆಗಳಿಗೆ ದುಡಿಯಲು ಬಂದ ಗಂಡಸರು ತಮ್ಮ ವಸತಿಗಳಲ್ಲಿ ಶನಿವಾರ ರಾತ್ರಿಯಿಂದ ಬೆಳಗಿನವರೆಗೆ ಪಂದ್ಯ ಕಟ್ಟಿ ಹಾಡಿ ಬೆಳೆಸಿದ ಶೈಲಿ ಅದು. ಅದನ್ನು ಕೇಳಿದರೆ ಅಮೆರಿಕದ ಹಾಡು ಎಂದು ಯಾರೂ ಅನ್ನಲಾರರು. ಕಲಿಸಿದ್ದು ಅಮೆರಿಕದವರೇ ಆದರೂ, ಕಲಿತವರು ಅದನ್ನು ಕಲಿಸಿದ ಹಾಗೆಯೇ ಇಟ್ಟುಕೊಳ್ಳಲಿಲ್ಲ. ಕಲಿಕೆ ನಿಜವಾಗಿ ಆಗಿದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ.

ಸರ್ಕಾರ ಈ ಕೆಲಸಕ್ಕೆ ದೊಡ್ಡದಾಗಿ ಕೈಹಾಕಿದ್ದು 1954ರಲ್ಲಿ, ಐಸೆನ್‌ಹೋವರ್ ಕಾಲದ ವಿಶೇಷ ನಿಧಿಯಿಂದ. ಸೋವಿಯತ್ ಒಕ್ಕೂಟದ ಬ್ಯಾಲೆಗೆ ಎದುರಾಗಿ ನಿಲ್ಲಿಸಲು ಅಮೆರಿಕಕ್ಕೆ ಜಾಸ್ ಬೇಕಾಗಿತ್ತು. 1956ರಲ್ಲಿ ಜಾಸ್ ವಾದಕ ಡಿಜ್ಜಿ ಗಿಲೆಸ್ಪಿ ಕರಾಚಿ, ಬೈರೂತ್, ಅಂಕಾರಾ, ಬೆಲ್‌ಗ್ರೇಡ್ ಸುತ್ತಿದರು. 1957ರಲ್ಲಿ ಗಾಯಕಿ ಮರಿಯನ್ ಆಂಡರ್ಸನ್ ಏಷ್ಯಾಕ್ಕೆ ಬಂದರು. ಬಣ್ಣದ ಕಾರಣಕ್ಕೆ 1939ರಲ್ಲಿ ವಾಷಿಂಗ್ಟನ್ನಿನ ಒಂದು ದೊಡ್ಡ ಸಭಾಂಗಣದ ಬಾಗಿಲು ಮುಚ್ಚಿಸಿಕೊಂಡು, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಹಾಡಿದ್ದ ಅದೇ ಆಂಡರ್ಸನ್! ಕರಿಯ ಮಕ್ಕಳನ್ನು ಶಾಲೆಗೆ ಸೇರಿಸದ ಲಿಟಲ್ ರಾಕ್ ಊರಿನ ಗಲಾಟೆ ಆಗ ನಡೆದೇ ಇತ್ತು. ಅದರ ಬಗ್ಗೆ ಅವರನ್ನು ದಾರಿಯುದ್ದಕ್ಕೂ ಕೇಳಿದರು. ಅದೇ ಕಾರಣಕ್ಕೆ ಜಾಸ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಸರ್ಕಾರದ ಪರವಾಗಿ ಸೋವಿಯತ್ ಪ್ರವಾಸಕ್ಕೆ ಹೋಗುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿಬಿಟ್ಟರು. ಯಾರನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವೋ ಅವರ ಕಂಠವನ್ನೇ ಹೊರಗಿನವರಿಗೆ ತೋರಿಸಿಕೊಳ್ಳುವ ಈ ಮುಜುಗರ ಆ ಯೋಜನೆಗಳ ಒಡಲಲ್ಲೇ ಇತ್ತು. ಆದರೂ ಆ ಕಲಾವಿದರು ಸರ್ಕಾರದ ಬೊಂಬೆಗಳಾಗಲಿಲ್ಲ ಎನ್ನುವುದನ್ನು ನಾನು ಗೌರವದಿಂದ ನೆನೆಯುತ್ತೇನೆ. ಅಂಕಾರಾದಲ್ಲಿ ಬಡ ಮಕ್ಕಳು ಗೋಡೆಯಾಚೆ ನಿಂತಿದ್ದನ್ನು ಕಂಡ ಗಿಲೆಸ್ಪಿ, ಅವರನ್ನು ಒಳಗೆ ಬಿಡುವವರೆಗೆ ನುಡಿಸುವುದಿಲ್ಲ ಎಂದು ಹಟ ಹಿಡಿದರಂತೆ.

ಆದರೆ ಈ ಪ್ರವಾಸಗಳಲ್ಲಿ ಪಾಠವೆಂಬುದು ಕಛೇರಿಯ ಬಾಲವಾಗಿತ್ತು. ಜಾಸ್ ಪಿಯಾನೋ ವಾದಕ ಡೇವ್ ಬ್ರೂಬೆಕ್ 1958ರಲ್ಲಿ ಮದರಾಸಿಗೆ ಬಂದಾಗ ಮೃದಂಗ ವಿದ್ವಾಂಸ ಪಳನಿ ಸುಬ್ರಮಣ್ಯ ಪಿಳ್ಳೈ ಅವರೊಂದಿಗೆ ನುಡಿಸಿದರು. ಆ ಭೇಟಿಯಿಂದ ಬ್ರೂಬೆಕ್ ಕಲಿತುಕೊಂಡು ಹೋದರು, ಮದರಾಸಿನಲ್ಲಿ ಜಾಸ್ ಬೇರುಬಿಡಲಿಲ್ಲ. ಮುಂಬಯಿಯಲ್ಲಿ ಜಾಸ್ ಬೇರುಬಿಟ್ಟದ್ದು ಅದಕ್ಕೂ 20 ವರ್ಷ ಮೊದಲು, ಟೆಡ್ಡಿ ವೆದರ್‌ಫರ್ಡ್‌ರಂಥ ಅಮೆರಿಕದ ಕರಿಯ ವಾದಕರು ತಾಜ್ ಹೋಟೆಲಿನಲ್ಲಿ ಕೆಲಸಕ್ಕೆ ನಿಂತು, ಗೋವಾದ ವಾದಕರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡದ್ದರಿಂದ. ವೆದರ್‌ಫರ್ಡ್ ಹಿಂದಿರುಗಲೇ ಇಲ್ಲ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ತಗುಲಿ ತೀರಿಕೊಂಡರು. ಆ ಗೋವಾದ ವಾದಕರ ಕೈಚಳಕ ಮುಂದೆ ಹಿಂದಿ ಸಿನಿಮಾ ಹಾಡುಗಳಲ್ಲಿ ಮನೆಮನೆ ಸೇರಿತು.

ಸರ್ಕಾರದ ಹಣವೆಲ್ಲ ವ್ಯರ್ಥ ಎಂದು ಇದರಿಂದ ತೀರ್ಮಾನಿಸಿದರೆ ಅದು ತಪ್ಪು. ಅದೇ ಹಣ ಪಾಠಕ್ಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯೇ ಒಬ್ಬ ಸಾಕ್ಷಿ ಇದ್ದಾರೆ, ಆದರೆ ಅವರು ನಡೆದದ್ದು ಎದುರು ದಿಕ್ಕಿನಲ್ಲಿ. ಜಾನ್ ಹಿಗ್ಗಿನ್ಸ್ ಎಂಬ ಅಮೆರಿಕದ ತರುಣ ಅಲ್ಲಿನ ಸರ್ಕಾರದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಬಂದು, ಟಿ. ವಿಶ್ವನಾಥನ್ ಅವರಂಥ ಗುರುಗಳಲ್ಲಿ ಕಲಿತು, ತಿರುವಯ್ಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಿದರು. ರಸಿಕರು ಅವರನ್ನು ಹಿಗ್ಗಿನ್ಸ್ ಭಾಗವತರ್ ಎಂದೇ ಕರೆದರು. ವ್ಯಾಸರಾಯರ ದೇವರನಾಮವನ್ನು ಅವರು ಹಾಡಿರುವ ಧ್ವನಿಮುದ್ರಿಕೆಯಲ್ಲಿ ಕನ್ನಡದ ಉಚ್ಚಾರ ನಮ್ಮಲ್ಲಿನ ಕೆಲವು ವಿದ್ವಾಂಸರದ್ದಕ್ಕಿಂತ ಚೊಕ್ಕಟವಾಗಿದೆ. (ಯಾರೂ ಬೇಸರ ಮಾಡಿಕೊಳ್ಳಬಾರದು.) ಮೂರು ದಿನಗಳ ಕಾರ್ಯಾಗಾರದಿಂದ ಒಬ್ಬ ಹಿಗ್ಗಿನ್ಸ್ ಹುಟ್ಟುತ್ತಿರಲಿಲ್ಲ.

ಹಾಡು ಕಲಿಸಲು ತೆರಿಗೆಯ ಹಣ ಏಕೆ, ಮಾರುಕಟ್ಟೆಯೇ ಹಾಡನ್ನು ಎಲ್ಲ ಕಡೆಗೂ ಒಯ್ಯುತ್ತದಲ್ಲ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಯೂಟ್ಯೂಬಿನಲ್ಲಿ ಇಂದು ಯಾವ ಗಾಸ್ಪೆಲ್ ಬೇಕಾದರೂ ಸಿಗುತ್ತದೆ. ಆದರೆ ನಮ್ಮ ಆ ಇಬ್ಬರು ಹುಡುಗಿಯರು ಜಾರದೆ ನಿಂತದ್ದು, ಆ ಹಿರಿಯ ಹೆಂಗಸು ಅವರ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಅದೇ ಸ್ವರವನ್ನು ಹಿಡಿದು ನಿಂತಾಗ. ಮಾರುಕಟ್ಟೆ ಧ್ವನಿಮುದ್ರಿಕೆಯನ್ನು ಒಯ್ದೀತು, ಅಂಥ ಕೈಯನ್ನು ಒಯ್ಯುವುದಕ್ಕೆ ಯಾರಾದರೂ ಟಿಕೆಟ್ ಕೊಳ್ಳಲೇಬೇಕು.

2022ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಸಂಗೀತ ರಾಜತಾಂತ್ರಿಕತೆಯ ಬಗ್ಗೆ ಒಂದು ಕಾಯ್ದೆಯನ್ನೇ ಮಾಡಿತು, ಅದೂ ರಕ್ಷಣಾ ಇಲಾಖೆಯ ಮಸೂದೆಯ ಹೊಟ್ಟೆಯೊಳಗೆ ಸೇರಿಸಿ. ಮರುವರ್ಷ ಆಗಿನ ವಿದೇಶಾಂಗ ಸಚಿವ ಬ್ಲಿಂಕೆನ್ ಸ್ವತಃ ಗಿಟಾರ್ ಹಿಡಿದು ಬ್ಲೂಸ್ ಹಾಡಿ ಅದಕ್ಕೆ ಚಾಲನೆ ಕೊಟ್ಟರು. ಇಲಾಖೆಯ 'ಅಮೆರಿಕನ್ ಮ್ಯೂಸಿಕ್ ಅಬ್ರಾಡ್' ತಂಡಗಳು ಒಂದು ತಿಂಗಳಿನಷ್ಟು ಅವಧಿಯಲ್ಲಿ ಹಲವು ದೇಶಗಳನ್ನು ಸುತ್ತಿಬಿಡುತ್ತಿದ್ದವು. ಹಿಪ್‌ಹಾಪ್ ಕಲಿಸುವ 'ನೆಕ್ಸ್ಟ್ ಲೆವೆಲ್' ಕಾರ್ಯಕ್ರಮದವರು ಮಾತ್ರ ಒಂದೇ ಊರಿನಲ್ಲಿ ಸುಮಾರು ಎರಡು ವಾರ ನಿಂತು ಪಾಠ ಹೇಳುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಸರಿಯಾದ ದಾರಿಯ ಮೊದಲ ಮೆಟ್ಟಿಲು. ಉಳಿದಷ್ಟು ಹಣವೂ ಹೋಗುವುದಾದರೆ ಮೊದಲು ಪ್ರವಾಸಗಳ ಲೆಕ್ಕದಿಂದ ಹೋಗಲಿ. ಐದು ಜನರ ತಂಡ ಆರು ದೇಶ ಸುತ್ತುವ ಬದಲು, ಒಬ್ಬ ಶಿಕ್ಷಕಿ ಒಂದೇ ಊರಿನಲ್ಲಿ ಆರು ತಿಂಗಳು ಬಾಡಿಗೆ ಮನೆ ಹಿಡಿದು ಇರಲಿ. ಆ ಊರಿನ ಒಬ್ಬ ಪಾಠದ ಮೇಷ್ಟರನ್ನು ಅಷ್ಟೇ ಕಾಲ ಅಮೆರಿಕಕ್ಕೆ ಕರೆಸಿಕೊಳ್ಳಲಿ.

ನಮ್ಮ ಕಾರ್ಯಾಗಾರದ ಕೊನೆಯ ಸಂಜೆ ನನಗೂ ಒಂದು ನಮೂನೆ ಕೊಟ್ಟು ತುಂಬಿಸಿಕೊಂಡಿದ್ದರು. ಎಷ್ಟು ಮಕ್ಕಳು ಭಾಗವಹಿಸಿದರು, ಕಛೇರಿಗೆ ಎಷ್ಟು ಜನ ಸೇರಿದ್ದರು, ಯಾವ ಪತ್ರಿಕೆಯಲ್ಲಿ ಸುದ್ದಿ ಬಂತು ಎಂಬ ಪ್ರಶ್ನೆಗಳಿದ್ದವು. 11 ಮಕ್ಕಳು ಎಂದು ಬರೆದು ಸಹಿ ಹಾಕಿದೆ. ಎರಡು ವರ್ಷ ಕಳೆದ ಮೇಲೆ ಮತ್ತೊಂದು ನಮೂನೆ ಕಳುಹಿಸಿ, ಈ ಊರಿನಲ್ಲಿ ಈಗ ಆ ಹಾಡನ್ನು ಯಾರು ಹೇಳಿಕೊಡುತ್ತಿದ್ದಾರೆ, ವಾರಕ್ಕೆ ಎಷ್ಟು ಸಲ, ಯಾರ ಮನೆಯ ಜಗಲಿಯಲ್ಲಿ ಎಂದು ಕೇಳಿದ್ದರೆ ಮೂರು ಕಾಲಂಗಳನ್ನೂ ನಾನು ಖಾಲಿ ಬಿಡಬೇಕಾಗುತ್ತಿತ್ತು. ಆದರೆ ಅಂಥ ನಮೂನೆ ಬರಲಿಲ್ಲ.