ವಾರ್ಡ್‌ನ ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ಜನ ಮೊಬೈಲ್‌ನಲ್ಲೇ ವೋಟು ಹಾಕಿ ತೀರ್ಮಾನಿಸಬೇಕೇ?

ಪರ: ಕೇಳಿ, ಕೇಳಿದ್ದನ್ನು ಮಾಡಿ

ಬೆಂಗಳೂರು ಪಾಲಿಕೆಯ 2025-26ರ ಬಜೆಟ್ ಸುಮಾರು 19,900 ಕೋಟಿ ರೂಪಾಯಿ ಇತ್ತು. ಅದರಲ್ಲಿ ನಿಮ್ಮ ಬೀದಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದಾರಾ? ಒಂದು ದಿನ ಬೆಳಗ್ಗೆ ಜೆಸಿಬಿ ಬರುತ್ತದೆ, ಚೆನ್ನಾಗಿಯೇ ಇದ್ದ ಫುಟ್‌ಪಾತ್ ಕಲ್ಲನ್ನು ಕಿತ್ತು ಹಾಕುತ್ತದೆ, ಪಕ್ಕದ ಬೀದಿಯಲ್ಲಿ ಮಾತ್ರ ಜೋರು ಮಳೆ ಬಂದಾಗಲೆಲ್ಲ ಮೋರಿ ನೀರು ಮನೆಯೊಳಗೆ ನುಗ್ಗುತ್ತಲೇ ಇರುತ್ತದೆ. ಯಾವ ಕೆಲಸ ಮೊದಲು ಆಗಬೇಕಿತ್ತು ಅಂತ ಆ ಎರಡು ಬೀದಿಯವರನ್ನು ಕೇಳಿದ್ದರೆ ಸಾಕಿತ್ತು.

ವಾರ್ಡ್‌ನ ಕೆಲಸಗಳ ಬಗ್ಗೆ ಮಾತಾಡಲು ವಾರ್ಡ್ ಕಮಿಟಿ ಸಭೆ ಇದೆಯಲ್ಲ ಅಂತೀರಾ? ಶನಿವಾರವೂ ಅಂಗಡಿಯಲ್ಲಿ ನಿಂತು ದುಡಿಯುವ ಹುಡುಗಿ ಆ ಸಭೆಗೆ ಹೇಗೆ ಬರುತ್ತಾಳೆ? ಅದೇ ಹುಡುಗಿ ರಾತ್ರಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಎರಡು ನಿಮಿಷ ಕೊಡಬಲ್ಲಳು. ನನಗೆ ಇದೊಂದೇ ಕಾರಣ ಸಾಕು.

ಇದು ಹೊಸದೇನಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ 1989ರಲ್ಲೇ ಸಭೆ ಕರೆದು ಜನರ ಕೈಯಲ್ಲಿ ಬಜೆಟ್ ಇಟ್ಟಿತು. ಅದೇ ದೇಶದ ಬೆಲೊ ಹೊರಿಜಾಂಟೆ 2006ರಲ್ಲಿ ಇಂಟರ್‌ನೆಟ್ ವೋಟು ತಂದಾಗ ಸುಮಾರು 10% ಮತದಾರರು ಭಾಗವಹಿಸಿದರು. ಪ್ಯಾರಿಸ್ 2014ರಲ್ಲಿ ಹೊಸ ಕಾಮಗಾರಿಗಳ ದುಡ್ಡಿನಲ್ಲಿ ಸುಮಾರು 5% ಭಾಗವನ್ನು ಜನರ ವೋಟಿಗೆ ಬಿಡಲು ಶುರು ಮಾಡಿತು. ನಮ್ಮಲ್ಲೂ ನಗರಾಡಳಿತದ ಬಗ್ಗೆ ಕೆಲಸ ಮಾಡುವ ಜನಾಗ್ರಹ ಸಂಸ್ಥೆ 2015ರಲ್ಲಿ ‘ಮೈ ಸಿಟಿ ಮೈ ಬಜೆಟ್’ ಅನ್ನುವ ಅಭಿಯಾನ ಶುರು ಮಾಡಿತು, ಜನ ಆನ್‌ಲೈನ್‌ನಲ್ಲೂ ಕಾಗದದಲ್ಲೂ ಬೇಡಿಕೆ ಕೊಟ್ಟರು. ಆದರೆ ಅದು ಸಲಹೆ ಅಷ್ಟೇ. ಪಾಲಿಕೆ ಒಪ್ಪಿದರೆ ಒಪ್ಪಿತು, ಇಲ್ಲದಿದ್ದರೆ ಇಲ್ಲ. ನಾನು ಕೇಳುವುದು ಒಂದು ಹೆಜ್ಜೆ ಮುಂದಿನದು. ವಾರ್ಡ್‌ಗೆ ಇಂತಿಷ್ಟು ದುಡ್ಡು ಅಂತ ಮೊದಲೇ ತೆಗೆದಿಡಿ. ಗೆದ್ದ ಕೆಲಸದ ಜಾಬ್ ಕೋಡ್ (ಆ ಕಾಮಗಾರಿಯ ಗುರುತು ಸಂಖ್ಯೆ), ಗುತ್ತಿಗೆ ಮೊತ್ತ, ಬಿಲ್ ಆದ ದಿನ ಎಲ್ಲವೂ ವೋಟು ಹಾಕಿದವರ ಫೋನಿನಲ್ಲೇ ಕಾಣಲಿ. ತಾನೇ ಆರಿಸಿದ ಚರಂಡಿ ಅರ್ಧಕ್ಕೆ ನಿಂತರೆ ಯಾರೂ ಸುಮ್ನೆ ಇರುವುದಿಲ್ಲ.

ವಿರೋಧ: ಯಾರ ಫೋನು, ಯಾರ ವೋಟು?

ನಾನೂರು ಫ್ಲ್ಯಾಟ್ ಇರುವ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಿದ್ದರೆ ಸಂಜೆಯೊಳಗೆ ನೂರಾರು ವೋಟು ಗ್ಯಾರಂಟಿ. ಅದರ ಹಿಂಬದಿ ತಗಡಿನ ಶೆಡ್‌ಗಳಲ್ಲಿ ಯಾದಗಿರಿ, ರಾಯಚೂರಿನಿಂದ ಬಂದ ಕಟ್ಟಡ ಕೆಲಸದವರಿದ್ದಾರೆ. ಅವರ ವೋಟರ್ ಕಾರ್ಡ್ ಊರಲ್ಲಿದೆ. ಮನೆಗೊಂದೇ ಫೋನು, ಅದು ಗಂಡನ ಜೇಬಿನಲ್ಲಿ. ಒಟಿಪಿ ಬಂದರೆ ಅವನಿಗೇ ಬರುತ್ತದೆ. ಹಾಗಿರುವಾಗ ಕೆರೆ ಸುತ್ತ ವಾಕಿಂಗ್ ಟ್ರ್ಯಾಕೋ, ಶೆಡ್‌ ಪಕ್ಕ ಶೌಚಾಲಯವೋ ಅಂತ ವೋಟಿಗೆ ಹಾಕಿದರೆ ಯಾವುದು ಗೆಲ್ಲುತ್ತದೆ? ವಾಕಿಂಗ್ ಮಾಡುವವರು ಕೆಟ್ಟವರು ಅಂತಲ್ಲ. ಅವರಿಗೆ ಶೌಚಾಲಯದ ಕೊರತೆ ಕಾಣುವುದೇ ಇಲ್ಲ.

ಪೋರ್ಟೊ ಅಲೆಗ್ರೆಯ ಹೆಸರು ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಅಲ್ಲಿ ಬರೀ ಕೈ ಎತ್ತಿಸಿ ಲೆಕ್ಕ ಹಾಕಲಿಲ್ಲ. ಎಲ್ಲಿ ನೀರು, ಚರಂಡಿ, ರಸ್ತೆ ಕಡಿಮೆಯೋ ಆ ಭಾಗಕ್ಕೆ ಜಾಸ್ತಿ ಅಂಕ, ಜಾಸ್ತಿ ದುಡ್ಡು. ಪ್ಯಾರಿಸ್‌ನಲ್ಲೂ ಕಾಗದದ ವೋಟು ಇಟ್ಟುಕೊಂಡೇ ಮುಂದುವರಿದರು, ಬಡವರಿರುವ ಬಡಾವಣೆಗಳಿಗೆ ಅಂತಲೇ ದುಡ್ಡು ಬೇರೆ ತೆಗೆದಿಟ್ಟರು. ಇನ್ನು ಬೆಲೊ ಹೊರಿಜಾಂಟೆ. 2008ರಲ್ಲಿ ಜನ ಆರಿಸಿದ ದೊಡ್ಡ ರಸ್ತೆ ಕಾಮಗಾರಿ ಆಗದೆ ಉಳಿಯಿತು, 2011ರಲ್ಲಿ ವೋಟು ಹಾಕಿದವರ ಸಂಖ್ಯೆ ಪಾತಾಳಕ್ಕಿಳಿಯಿತು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಬೆಂಗಳೂರಿನ ಆಗಿನ 198 ವಾರ್ಡ್‌ಗಳ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಚುನಾವಣೆಯೇ ನಡೆಯದೆ 2025ರವರೆಗೆ ಐದು ಬಜೆಟ್‌ಗಳನ್ನು ಅಧಿಕಾರಿಗಳೇ ಮಂಡಿಸಿದರು. ಇಂಥ ಊರಿನಲ್ಲಿ ‘ಜನರನ್ನೇ ಕೇಳಿದ್ದೇವಲ್ಲ, ಆ್ಯಪ್ ಇದೆಯಲ್ಲ’ ಅನ್ನುವುದು ಚುನಾವಣೆ ಮುಂದೂಡುವವರಿಗೆ ಒಳ್ಳೆಯ ನೆಪ. ಆ್ಯಪ್‌ನಲ್ಲಿ ಪಾರ್ಕ್‌ನ ಬೆಂಚು ಆರಿಸಬಹುದು. ಮೇಲಿನ ವಾರ್ಡ್‌ನ ರಾಜಕಾಲುವೆ ಒತ್ತುವರಿ ತೆಗೆಯದಿದ್ದರೆ ಕೆಳಗಿನ ವಾರ್ಡ್ ಮುಳುಗುತ್ತದೆ ಅಂತ ಕೌನ್ಸಿಲ್‌ನಲ್ಲಿ ಎದ್ದು ನಿಂತು ಜಗಳ ಮಾಡುವ ಕೆಲಸ ಆ್ಯಪ್‌ನಿಂದ ಆಗುವುದಿಲ್ಲ. ಮೊದಲು ಚುನಾವಣೆ ಆಗಲಿ, ವಾರ್ಡ್ ಕಮಿಟಿಗೆ ದುಡ್ಡು ಮತ್ತು ಅಧಿಕಾರ ಎರಡೂ ಬರಲಿ. ಫೋನಿನ ವೋಟು ಬೇಕಾದರೆ ಆ ಕಮಿಟಿಯೇ ಇಟ್ಟುಕೊಳ್ಳಲಿ, ಶೆಡ್‌ಗಳ ಬಾಗಿಲಿಗೆ ಕಾಗದ ತೆಗೆದುಕೊಂಡು ಹೋಗುವ ಜನರನ್ನೂ ಜೊತೆಗಿಟ್ಟುಕೊಂಡು.